ಮೂರನೆಯ ಓಟು ಬೈಂದೂರಿನಲ್ಲಿತ್ತು

ಮೊನ್ನೆ ತಲ್ಲೂರಿನಲ್ಲಿ ರಸ್ತೆ ದಾಟಲು ನಿಂತಿದ್ದೆ. ಮುಂಬಯಿಗೆ ಹೋಗುವ ಬಸ್ಸೊಂದು ಧೂಳು ಎಬ್ಬಿಸಿಕೊಂಡು ಹೋಯಿತು. ಡೀಸೆಲ್ ಹೊಗೆಯ ಬೆನ್ನಿಗೇ ಹಲಸಿನ ಹಣ್ಣಿನ ಪರಿಮಳ ಬಂತು. ಯಾರೋ ಗೋಣಿಯಲ್ಲಿ ಕಟ್ಟಿ ಡಿಕ್ಕಿಗೆ ಹಾಕಿರಬೇಕು. ಮೇ ತಿಂಗಳ ಕೊನೆಯಲ್ಲಿ ಈ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ 2009ರ ಬೇಸಿಗೆ ನೆನಪಾಗುತ್ತದೆ. ಆ ವರ್ಷ ನಾನು ಕಂಪ್ಯೂಟರಿನ ಮುಂದೆ ಉಳಿಯುತ್ತೇನೋ, ವಾಪಸು ಹಲಸಿನ ಗೋಣಿ ಹೊರುತ್ತೇನೋ ಎಂಬ ಪ್ರಶ್ನೆ ಎದ್ದಿತ್ತು. ಮಳೆಗಾಲ ಶುರುವಾಗುವ ಮೊದಲು ಅದು ತೀರ್ಮಾನವಾಯಿತು.

ಗೋಣಿ ಎಂದದ್ದು ಮಾತಿಗಲ್ಲ. ನಾನು ಕುಂದಾಪುರದ ಒಂದು ಬಸ್ ಕಂಪನಿಯಲ್ಲಿ ಪಾರ್ಸೆಲ್ ಹೊರುವವನಾಗಿ ಸೇರಿದವನು. ಓದು ಅರ್ಧಕ್ಕೆ ಬಿಟ್ಟಿದ್ದೆ. ಮೀಸೆ ದಪ್ಪವಾದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ಪರೀಕ್ಷೆಯ ಹಾಲಿನಲ್ಲಿ ಒಂದು ಹುಡುಗಿ ನನ್ನನ್ನು ಮೇಷ್ಟ್ರು ಎಂದುಕೊಂಡು ಎದ್ದು ನಿಂತಿದ್ದಳು. ಪಾಸಾದೆ. ಸಂಜೆ ಕಂಪ್ಯೂಟರ್ ಕ್ಲಾಸಿಗೂ ಹೋದೆ. ಎರಡು ಬೆರಳಲ್ಲಿ ಒತ್ತಲು ಕಲಿತೆ. ಇವತ್ತಿಗೂ ಎರಡೇ ಬೆರಳು, ಇದನ್ನೂ ಹಾಗೆಯೇ ಒತ್ತುತ್ತಿದ್ದೇನೆ. ಬಸ್ಸಿನ ಯಜಮಾನರನ್ನು ಎಲ್ಲರೂ ಶೆಟ್ರು ಎನ್ನುತ್ತಿದ್ದರು. ಅವರು ಟಿಕೆಟ್ ಬುಕಿಂಗಿಗೆ ಕಂಪ್ಯೂಟರ್ ತಂದಾಗ ಅದರ ಮುಂದೆ ಕೂರಲು ಧೈರ್ಯ ಮಾಡಿದವನು ನಾನೊಬ್ಬನೇ. ಹಾಗಾಗಿ ಕೆಲಸ ನನ್ನದಾಯಿತು.

ನಮ್ಮ ಮುಂಬಯಿ ಬಸ್ಸು ಮಧ್ಯಾಹ್ನ ಬ್ರಹ್ಮಾವರದಿಂದ ಹೊರಟು, ಕುಂದಾಪುರಕ್ಕೆ ಬಂದು, ಬೈಂದೂರು ಹಾದು ಮೇಲಕ್ಕೆ ಹೋಗುತ್ತಿತ್ತು. ಮೂರೂ ಊರಲ್ಲಿ ಟಿಕೆಟ್ ಕೊಡುವ ಕೌಂಟರ್. ಬ್ರಹ್ಮಾವರದ ಕೌಂಟರಿನಲ್ಲಿ ಗಿರಿಜಕ್ಕ ಇದ್ದರು. ಶೆಟ್ರು ಬಸ್ಸು ಶುರುಮಾಡಿದಂದಿನಿಂದ ಇದ್ದವರು, ಮಾತು ಜೋರು, ಮನಸ್ಸು ಮೆತ್ತಗೆ. ಬೈಂದೂರಿನಲ್ಲಿ ಮಂಜಣ್ಣ ತನ್ನ ಟೈಲರ್ ಅಂಗಡಿಯ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಫೋನಿನ ತಂತಿಯ ಮೂಲಕ ನಮ್ಮ ಲೆಕ್ಕದಲ್ಲೇ ಬುಕಿಂಗ್ ಮಾಡುತ್ತಿದ್ದರು. ಕುಂದಾಪುರದಲ್ಲಿ ಕರೆಂಟು ಹೋದರೆ ಕೆಲಸ ನಿಲ್ಲಬಾರದು ಎಂದು ಶೆಟ್ರು ಎರಡು ಸರ್ವರ್ ಹಾಕಿಸಿದ್ದರು. ಒಂದು ನನ್ನ ಹತ್ತಿರ ಕುಂದಾಪುರದಲ್ಲಿ, ಇನ್ನೊಂದು ಬ್ರಹ್ಮಾವರದಲ್ಲಿ. ಎರಡನ್ನೂ ಜೋಡಿಸುವ ಸಾಫ್ಟ್‌ವೇರಿಗೆ ಕ್ಲಸ್ಟರ್ ಎಂದು ಹೆಸರು. ಎರಡು ಯಂತ್ರವೂ ಫೋನಿನ ತಂತಿಯಲ್ಲಿ ಒಂದಕ್ಕೊಂದು "ಇದ್ದೇನೆ, ಇದ್ದೇನೆ" ಎಂದು ಹೇಳಿಕೊಳ್ಳುತ್ತಾ ಇರುತ್ತವೆ. ಆ ಕಾಲದಲ್ಲಿ ಮುಂಬಯಿ ತಲುಪಿದವರು ಮನೆಗೆ ಮಿಸ್ಡ್ ಕಾಲ್ ಕೊಡುತ್ತಿದ್ದರಲ್ಲ, ಹಾಗೆ. ಮಾತಾಡಬೇಕೆಂದಿಲ್ಲ, ಬಂದರೆ ಸಾಕು, ಸುಖವಾಗಿದ್ದಾರೆ ಎಂದು ಅರ್ಥ. ಒಂದು ಯಂತ್ರದಿಂದ ಮಿಸ್ಡ್ ಕಾಲ್ ನಿಂತರೆ ಇನ್ನೊಂದು ಅದು ಸತ್ತಿತು ಎಂದುಕೊಂಡು ಎಲ್ಲಾ ಕೆಲಸವನ್ನು ತಾನೇ ಎತ್ತಿಕೊಳ್ಳುತ್ತದೆ. ಟಿಕೆಟ್ ನಿಲ್ಲುವುದಿಲ್ಲ.

ಕೇಳಲು ಚೆನ್ನಾಗಿತ್ತು. ಆದರೆ ಇದನ್ನು ಮಾಡಿದವರು ನಮ್ಮ ಕರಾವಳಿಯವರಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ ಆಕಾಶ ಒಮ್ಮೆ ಗುಡುಗಿದರೆ ಸಾಕು, ಮನೆಮನೆಯಲ್ಲೂ ಹೆಂಗಸರು ಗಂಡಸರು ಓಡಿ ಟಿವಿ, ಫ್ರಿಜ್, ಫೋನು, ಮಿಕ್ಸಿ ಎಲ್ಲದರ ವೈರ್ ಕಿತ್ತು ಹಾಕುತ್ತಾರೆ. ಕೀಳದಿದ್ದವರ ಟಿವಿ ಸುಟ್ಟದ್ದನ್ನು ಎಲ್ಲರೂ ನೋಡಿದ್ದಾರೆ. ಗಿರಿಜಕ್ಕನೂ ಅದನ್ನೇ ಮಾಡಿದರು. ಗುಡುಗಿತು, ಮೊಡೆಮಿನ ವೈರ್ ಕಿತ್ತರು. ಸರ್ವರ್ ಮಾತ್ರ ಬ್ಯಾಟರಿಯಲ್ಲಿ ನಡೆಯುತ್ತಲೇ ಇತ್ತು. ಬ್ರಹ್ಮಾವರದ ಯಂತ್ರ ಕುಂದಾಪುರದ್ದು ಸತ್ತಿತು ಎಂದುಕೊಂಡಿತು. ಕುಂದಾಪುರದ್ದು ಬ್ರಹ್ಮಾವರದ್ದು ಸತ್ತಿತು ಎಂದುಕೊಂಡಿತು. ಎರಡೂ ಯಜಮಾನರಾಗಿ ಒಂದೇ ಬಸ್ಸಿನ ಅದೇ ಸೀಟುಗಳನ್ನು ಮಾರಿದವು. ಸಂಜೆ ಗಿರಿಜಕ್ಕ ವೈರ್ ಸಿಕ್ಕಿಸಿದಾಗ ನನ್ನ ಯಂತ್ರ ಅವರ ಯಂತ್ರದ ಲೆಕ್ಕ ಅಳಿಸಿ ತನ್ನದನ್ನೇ ಬರೆದು ಕೂತಿತು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಆ ಟಿಕೆಟುಗಳ ಬಸ್ಸು ಬಂದ ದಿನ. ಬ್ರಹ್ಮಾವರದಲ್ಲಿ ಹತ್ತಿದವರು ಆರಾಮಾಗಿ ಕೂತಿದ್ದರು. ಕುಂದಾಪುರದವರು ಹತ್ತಿದರೆ ಅವರ ಸೀಟಿನಲ್ಲೆಲ್ಲ ಜನ! ಶಾಲೆ ಶುರುವಾಗುವ ಮೊದಲು ಮುಂಬಯಿಗೆ ವಾಪಸು ಹೋಗುವವರ ನೂಕುನುಗ್ಗಲು ಬೇರೆ. ಮಗಳ ಬಾಣಂತನಕ್ಕೆ ಹೊರಟ ಒಬ್ಬರು ಅಜ್ಜಿ ತನ್ನ ಸೀಟಿನಲ್ಲಿ ಕೂತಿದ್ದ ದಪ್ಪದ ಗಂಡಸನ್ನು ನೋಡಿ,

"ಹ್ವಾಯ್, ಏಳಿ ಮರಾಯ್ರೆ. ಇದ್ ನನ್ ಸೀಟ್" ಎಂದರು.

"ನಂದೂ ಇದೇ ಅಬ್ಬಿ. ಕಾಣಿ ಟಿಕೇಟ್."

"ಹಾಂಗಾರೆ ಒಂಚೂರ್ ಅತ್ಲಾಗ್ ಜರ್ಗಿ. ನಾನ್ ಸಪೂರ ಇದ್ದೆ."

ಅವನು ಜರುಗಿದ. ಅಜ್ಜಿ ಕೂತೇ ಬಿಟ್ಟರು. ಕೂತದ್ದೂ ಅಲ್ಲದೆ ಚೀಲದಿಂದ ಚಕ್ಕುಲಿ ತೆಗೆದು ಅವನಿಗೂ ಕೊಟ್ಟರು. ಆದರೆ ಉಳಿದವರೆಲ್ಲ ಸಪೂರ ಇರಲಿಲ್ಲ, ಎಲ್ಲರ ಹತ್ತಿರ ಚಕ್ಕುಲಿಯೂ ಇರಲಿಲ್ಲ. ರಸ್ತೆಯಲ್ಲಿ ಜನ ಸೇರಿತು. ಶೆಟ್ರು ಮದುವೆಗೆ ಹೋಗಬೇಕಿದ್ದ ಇನ್ನೊಂದು ಬಸ್ಸನ್ನು ತರಿಸಿ ಮಿಕ್ಕವರನ್ನು ಕಳಿಸಿದರು. ಮದುವೆ ಮನೆಯವರ ಬೈಗುಳವನ್ನೂ ತಿಂದರು. ಆಮೇಲೆ ಆಫೀಸಿಗೆ ಬಂದು ನನ್ನ ಎದುರು ಕುರ್ಚಿಯಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

"ಸುರೇಶ, ನಿನ್ ಮೇಲೆ ಸಿಟ್ಟ್ ಇಲ್ಲೆ. ಆರೆ ಇನ್ನೊಂದ್ ಸಲ ಹೀಂಗಾರೆ ಈ ಮಿಷನ್ ಎಲ್ಲ ಕಟ್ಟಿ ಅಟ್ಟಕ್ಕ್ ಹಾಕುದೇ. ಮುಂಚಿನ ಹಾಂಗೆ ಕೈಯಂಗೆ ಬರಿವ."

"ನಾನ್ ಶೆಟ್ರೆ?"

"ನಿಂಗೆ ಪಾರ್ಸೆಲ್ ಇತ್ತಲೆ. ಆ ಜಾಗಕ್ಕೆ ನಾನಿನ್ನೂ ಯಾರನ್ನೂ ಹಾಕಲಿಲ್ಲೆ."

ಅವರು ಅದನ್ನು ಸಮಾಧಾನಕ್ಕೇ ಹೇಳಿದ್ದು. ನನಗೆ ಊಟ ಸೇರಲಿಲ್ಲ.

ಸಾಫ್ಟ್‌ವೇರ್ ಹಾಕಿಕೊಟ್ಟ ಪ್ರದೀಪ ಎಂಬ ಎಂಜಿನಿಯರ್ ಮಂಗಳೂರಿನಲ್ಲಿದ್ದ. ನನಗಿಂತ ಚಿಕ್ಕವನು, ಒಳ್ಳೆಯ ಹುಡುಗ. ಫೋನ್ ಮಾಡಿದೆ. ಅವನು ಪೂರ್ತಿ ಕೇಳಿ, ಗಿರಿಜಕ್ಕ ವೈರ್ ಕಿತ್ತ ಜಾಗಕ್ಕೆ ಬಂದಾಗ ನಗುವುದಕ್ಕೆ ಶುರುಮಾಡಿದ.

"ಸುರೇಶಣ್ಣ, ಇದಕ್ಕೆ ಇಡೀ ಪ್ರಪಂಚದಲ್ಲಿ ಒಂದೇ ಹೆಸರು, ತಲೆ ಎರಡಾಗುವುದು ಅಂತ. ಬೇರೆ ಕಡೆ ಕೇಬಲ್ ತುಂಡಾಗಿ ಆಗ್ತದೆ. ನಿಮ್ಮಲ್ಲಿ ಗಿರಿಜಕ್ಕನಿಂದ ಆಯ್ತು. ಹೊಸ ವರ್ಷನ್ ಬಂದಿದೆ, ಅದರಲ್ಲಿ ಇದಕ್ಕೆ ಮದ್ದು ಇದೆ. ಸಿ.ಡಿ. ಬಸ್ಸಲ್ಲಿ ಕಳಿಸ್ತೇನೆ. ಹೊಸತು ಏನೇನು ಅಂತ ಅದರಲ್ಲೇ ಬರೆದಿದ್ದಾರೆ, ಓದಿ."

ಓದಿದೆ. ಎಲ್ಲ ಇಂಗ್ಲಿಷು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದು ಸಾಲಿಗೆ ಒಂದು ಚಾ ಕುಡಿದೆ. ಗೊತ್ತಾಗದ್ದನ್ನು ಪ್ರದೀಪನಿಗೆ ಕೇಳಿದೆ. ಅವನು ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ. ಹೊಸದರಲ್ಲಿ ಬಹಳ ಸಂಗತಿ ಇತ್ತು. ಯಂತ್ರಕ್ಕೆ ತೊಂದರೆಯಾದರೆ ಮೊಬೈಲಿಗೆ ಮೆಸೇಜು ಬರುತ್ತದೆ. ಒಂದು ಯಂತ್ರಕ್ಕೆ ಹೊಸ ವರ್ಷನ್ ಹಾಕುವಾಗ ಇನ್ನೊಂದು ಕೆಲಸ ನಡೆಸುತ್ತದೆ, ಅಂಗಡಿ ಮುಚ್ಚಬೇಕಾಗಿಲ್ಲ. ಇನ್ನೊಂದು ಯಂತ್ರದ ಮೇಲೆ ಅನುಮಾನ ಬಂದರೆ ಅದರ ಕರೆಂಟನ್ನೇ ಆರಿಸಿಬಿಡುವ ಉಪಾಯವೂ ಇತ್ತು. ಇದನ್ನು ಶೆಟ್ರಿಗೆ ಹೇಳಿದೆ.

"ಎಂತ? ಒಂದ್ ಮಿಷನ್ ಇನ್ನೊಂದನ್ನ ಕೊಲ್ಲುದಾ? ನಮ್ ದಾಯಾದಿಗಳಿಗಿಂತ ಕಡೆ ಆಯ್ತಲ ಮರಾಯ. ಬ್ಯಾಡ, ಅದ್ ಬಿಡ್."

ಬಿಟ್ಟೆವು. ನಮಗೆ ಬೇಕಾದದ್ದು ಎರಡೇ ಸಂಗತಿ. ಒಂದು, ಓಟು. ಇಬ್ಬರೇ ಇದ್ದರೆ ಜಗಳ ತೀರುವುದಿಲ್ಲ, ಮೂರನೆಯವರು ಬೇಕು. ಆ ಮೂರನೆಯದಕ್ಕೆ ಸಾಕ್ಷಿ ಎಂದು ಹೆಸರಿಟ್ಟಿದ್ದರು. ಅದಕ್ಕೆ ದೊಡ್ಡ ಸರ್ವರ್ ಬೇಡ, ಹಳೆಯ ಕಂಪ್ಯೂಟರ್ ಸಾಕು. ಅದು ಸೀಟು ಮಾರುವುದಿಲ್ಲ, ಯಾವ ಸೀಟು ಯಾರದ್ದು ಎಂದು ಅದಕ್ಕೆ ಗೊತ್ತೂ ಇಲ್ಲ. ಸುಮ್ಮನೆ ಕೂತು ಓಟು ಹಾಕುತ್ತದೆ. ಮೂರರಲ್ಲಿ ಎರಡು ಓಟು ಇದ್ದ ಕಡೆಯವರು ಮಾತ್ರ ಮಾರಬಹುದು. ಯಾವ ಯಂತ್ರ ಒಂಟಿಯಾಯಿತೋ ಅದು ತಾನಾಗಿ ಬಾಯಿ ಮುಚ್ಚಬೇಕು. ಇನ್ನೊಂದು, ಒಂದು ಗುಂಡಿ. ಅದನ್ನು ಒತ್ತಿದರೆ ಒಂದು ಯಂತ್ರ ತನ್ನ ಕೆಲಸವನ್ನು ನಿಧಾನಕ್ಕೆ ಇನ್ನೊಂದಕ್ಕೆ ದಾಟಿಸಿ ಬದಿಗೆ ಸರಿಯುತ್ತದೆ. ಆಮೇಲೆ ವೈರ್ ಕಿತ್ತರೂ ತೊಂದರೆ ಇಲ್ಲ.

ಓದಿದ ಕೂಡಲೇ ನನಗೆ ಖುಷಿಯಾದದ್ದು ಈ ಗುಂಡಿಗೆ. ಅದುವರೆಗೆ ನಾನು ಗಿರಿಜಕ್ಕನಿಗೆ ವೈರ್ ಕೀಳಬೇಡಿ ಎಂದು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಹೇಳಿದರೂ ಅವರು ಕೇಳುವವರಲ್ಲ, ಕೇಳಿದರೆ ಮೊಡೆಮು ಸುಡುತ್ತದೆ. ಇನ್ನು ಕೀಳಲಿ. ಮೊದಲು ಗುಂಡಿ ಒತ್ತಿ, ಉಳಿದವರಿಗೆ ಫೋನ್ ಮಾಡಿ, ಆಮೇಲೆ ಕೀಳಲಿ. ಗುಡುಗು ಮೂರೂ ಊರಿಗೆ ಒಟ್ಟಿಗೆ ಬರುವುದು ಅಪರೂಪ. ಬ್ರಹ್ಮಾವರದಲ್ಲಿ ಸಿಡಿಲು ಹೊಡೆಯುವಾಗ ಬೈಂದೂರಿನಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಹಾಗಾಗಿ ಸಾಕ್ಷಿಯನ್ನು ಬೈಂದೂರಿನಲ್ಲಿ ಇಡುವುದೆಂದು ನಾನೇ ಹೇಳಿದೆ. ಪ್ರದೀಪ "ಸರಿಯಾದ ಜಾಗ" ಎಂದ.

ಮಂಜಣ್ಣನ ಅಂಗಡಿಗೆ ಹಳೆಯ ಕಂಪ್ಯೂಟರನ್ನು ಹೊತ್ತುಕೊಂಡು ಹೋದೆ. ಅವರು ಹೊಲಿಗೆ ಯಂತ್ರದ ಪಕ್ಕ ಜಾಗ ಮಾಡಿಕೊಟ್ಟರು.

"ಇದ್ ಎಂತ ಕೆಲ್ಸ ಮಾಡತ್?"

"ಎಂತದೂ ಮಾಡುದಿಲ್ಲೆ ಮಂಜಣ್ಣ. ಸುಮ್ನೆ ಇರತ್. ಓಟ್ ಹಾಕತ್."

"ಹಾಂಗಾರೆ ನಮ್ ಭಾವನ ಹಾಂಗೆ. ಇರ್ಲಿ ಬಿಡ್, ಅವನಾರೆ ಊಟಕ್ಕೂ ಬತ್ತ."

ಗಿರಿಜಕ್ಕನಿಗೆ ಕಲಿಸಿದ್ದು ಫೋನಿನಲ್ಲಿ. ಗುಂಡಿ ಒತ್ತುವುದು ಅವರಿಗೆ ಕೂಡಲೇ ಬಂತು. ಒಂಟಿಯಾದ ಯಂತ್ರ ಬಾಯಿ ಮುಚ್ಚುವುದು ಮಾತ್ರ ಒಪ್ಪಿಗೆಯಾಗಲಿಲ್ಲ.

"ಕರೆಂಟ್ ಇತ್ತ್, ಜನ ಇತ್ತ್, ಸೀಟ್ ಇತ್ತ್. ಆರೂ ಅದ್ ಎಂತಕೆ ಸುಮ್ನೆ ಕೂಕಣ್ಕ್?"

"ಅತ್ಲಾಗಿನ್ ಸುದ್ದಿ ಅದ್ಕ್ ಗೊತ್ತಿಲ್ಯಲೆ ಗಿರಿಜಕ್ಕ. ಅದೇ ಸೀಟ್ ಅಲ್ಲಿ ಮಾರಿ ಆಯ್ದಾ ಅಂದೇಳಿ ಯಾರಿಗ್ ಗೊತ್ತ್?"

"ನಾನಾರೆ ಮಾರ್ತಿದ್ದೆ" ಎಂದರು. ಆಮೇಲೆ, "ಮಾರಿದ್ದೆ ಅಲ್ದಾ" ಎಂದು ತಾವೇ ನಕ್ಕರು.

ಹೊಸ ವರ್ಷನ್ ಹಾಕಿದ ಮೇಲೆ ದಿನವೂ ಸಂಜೆ ಮೋಡ ಕಟ್ಟುತ್ತಿತ್ತು. ಒಂದು ದಿನ ಬ್ರಹ್ಮಾವರ ಕಿತ್ತಿತು, ಇನ್ನೊಂದು ದಿನ ನಾನು ಕಿತ್ತೆ. ಕೆಲಸ ಅತ್ತ ಇತ್ತ ದಾಟಿತು, ಟಿಕೆಟು ನಿಲ್ಲಲಿಲ್ಲ. ಶೆಟ್ರು ದಿನಾ ಬಸ್ಸು ಬರುವ ಹೊತ್ತಿಗೆ ಬಂದು ಕಿಟಕಿಯಿಂದ ಒಳಗೆ ಇಣುಕುತ್ತಿದ್ದರು. ಒಂದು ಸೀಟಿಗೆ ಇಬ್ಬರು ಎದ್ದು ನಿಂತರೆ ನನ್ನ ಕಥೆ ಮುಗಿಯಿತು ಎಂದು ನನಗೂ ಗೊತ್ತಿತ್ತು.

ಮೇ ಕೊನೆಯ ಭಾನುವಾರ ಆಕಾಶ ಬೆಳಿಗ್ಗೆಯೇ ಕೆಟ್ಟಿತ್ತು. ಸೆಕೆ ಎಂದರೆ ಸೆಕೆ. ಗಂಗೊಳ್ಳಿ ಕಡೆಯಿಂದ ಮೋಡ ಏರಿ ಬರುತ್ತಿತ್ತು. ಕೌಂಟರಿನ ಮುಂದೆ ಸಾಲು ರಸ್ತೆಗೆ ಮುಟ್ಟಿತ್ತು. ಅವತ್ತಿನ ಬಸ್ಸಿನಲ್ಲಿ ಕೈಬೆರಳೆಣಿಕೆಯ ಸೀಟು ಮಾತ್ರ ಉಳಿದಿತ್ತು. ಮೊದಲು ಫೋನ್ ಮಾಡಿದ್ದು ಗಿರಿಜಕ್ಕ.

"ಸುರೇಶ, ಬಸ್ ಈಗ ಹೊರಟಿತ್, ಚಾರ್ಟ್ ತೆಗ್ದ್ ಕಂಡಕ್ಟರಿಗೆ ಕೊಟ್ಟೆ. ಇಲ್ಲ್ ಗುಡ್ಗ್ ಜೋರಿತ್. ಗುಂಡಿ ಒತ್ತಿ ಕಿತ್ತೆ ಕಾಣ್."

ಕೆಲಸ ನನ್ನ ಯಂತ್ರಕ್ಕೆ ಬಂತು. ಕುಂದಾಪುರ ಮತ್ತು ಬೈಂದೂರು, ಎರಡು ಓಟು. ಮಾರುತ್ತಾ ಹೋದೆ. ಅಷ್ಟರಲ್ಲಿ ನಮ್ಮ ತಲೆಯ ಮೇಲೂ ಗುಡುಗಿತು. ಶೆಟ್ರು ಒಳಗೆ ಬಂದು ನನ್ನ ಹಿಂದೆ ನಿಂತರು. ಗಿರಿಜಕ್ಕನ ಯಂತ್ರ ವಾಪಸು ಬರದೆ ನಾನು ಕೀಳುವ ಹಾಗಿಲ್ಲ. ಮೊಬೈಲಿನಲ್ಲಿ ಕೇಳಿದೆ.

"ಗಿರಿಜಕ್ಕ, ಅಲ್ಲ್ ನಿಂತಿತಾ?"

"ತಡಿ, ಹೊರ್ಗ್ ಹೋಯಿ ಕಂಡ್ಕ ಬತ್ತೆ." ಚಪ್ಪಲಿಯ ಸದ್ದು ಹೋಯಿತು, ಬಂತು. "ಮಳಿ ಹೊಯ್ತಾ ಇತ್ತ್. ಗುಡ್ಗ್ ನಿಮ್ಮ್ ಬದಿಗ್ ಬಂತ್. ಸಿಕ್ಸ್ತೆ ಅಕಾ?"

ಅವರು ಸಿಕ್ಕಿಸಿದರು. ನಾನು ಗುಂಡಿ ಒತ್ತಿದೆ. ಕೆಲಸ ಬ್ರಹ್ಮಾವರಕ್ಕೆ ದಾಟಿತು. ನಾನು ನನ್ನ ವೈರ್ ಕಿತ್ತೆ. ಅಲ್ಲಿಗೆ ಬ್ರಹ್ಮಾವರ ಮತ್ತು ಬೈಂದೂರು, ಎರಡು ಓಟು. ನನ್ನ ಸಾಲಿನಲ್ಲಿದ್ದವರ ಹೆಸರನ್ನು ಮೊಬೈಲಿನಲ್ಲಿ ಹೇಳಿದರೆ ಗಿರಿಜಕ್ಕ ಅಲ್ಲಿ ಒತ್ತುತ್ತಿದ್ದರು, ನಂಬರು ಹೇಳುತ್ತಿದ್ದರು. ಇಬ್ಬರಿಗೆ ಸೀಟಾಯಿತು. ಮೂರನೆಯವನು ಗುಲ್ವಾಡಿಯವನು, ಮುಂಬಯಿಯಲ್ಲಿ ಹೋಟೆಲಿನಲ್ಲಿ ದೋಸೆ ಹಾಕುವವನು. ಅವನ ಹೆಸರು ಹೇಳುತ್ತಿದ್ದ ಹಾಗೆ ಗಿರಿಜಕ್ಕನ ದನಿ ಏರಿತು.

"ಸುರೇಶ, ಇದ್ ಬಾಯಿ ಮುಚ್ತ್ ಕಾಣ್! ಎಂತ ಒತ್ರೂ ಇಲ್ಲೆ."

ಬೈಂದೂರಿಗೆ ಫೋನ್ ಮಾಡಿದೆ.

"ಮಂಜಣ್ಣ, ಎಂತ ಮಾಡಿರಿ?"

"ದೂರದಂಗೆ ಗುಡ್ಗಿತಲ್ದಾ! ಎಲ್ಲ ಕಿತ್ತ್ ಹಾಕ್ದೆ."

"ಫೋನ್ ಮಾಡಿ ಕೀಳಿ ಅಂದಿದ್ನಲೆ."

"ಗುಡ್ಗ್ ಎಂತ ಫೋನ್ ಮಾಡಿ ಬತ್ತಾ?" ಎಂದು ಇಟ್ಟರು. ತಿರುಗಿ ಮಾಡಿದರೆ ಮೊಬೈಲು ಸಿಗಲಿಲ್ಲ. ಅದನ್ನೂ ಆರಿಸಿಬಿಟ್ಟಿದ್ದರು.

ಬ್ರಹ್ಮಾವರದ ಯಂತ್ರ ಒಂಟಿಯಾಗಿತ್ತು. ಕಲಿಸಿದ ಹಾಗೆ ಸುಮ್ಮನಾಗಿತ್ತು. ಅಷ್ಟು ಹೊತ್ತಿಗೆ ಬಸ್ಸು ಬಂದು ನಿಂತಿತು. ಕುಂದಾಪುರದವರು ಮಳೆಹನಿಯಲ್ಲೇ ಹತ್ತಿದರು. ಗಿರಿಜಕ್ಕ ಚಾರ್ಟ್ ತೆಗೆದು ಕೊಟ್ಟ ಮೇಲೆ ನಾವು ಮಾರಿದ್ದನ್ನೆಲ್ಲ ಕಂಡಕ್ಟರ್ ಅದರಲ್ಲಿ ಸೇರಿಸಿಕೊಂಡ. ಕೂಗಿ ಹೇಳಿದ, "ಶೆಟ್ರೆ, ಹಿಂದಿಂದ್ ಕಿಟ್ಕಿ ಬದಿ ಒಂದ್ ಸೀಟ್ ಖಾಲಿ ಇತ್ತ್!"

ಗುಲ್ವಾಡಿಯವನು ಬ್ಯಾಗು ಎತ್ತಿಕೊಂಡ. ಶೆಟ್ರು ನನ್ನ ಕಡೆ ನೋಡಿದರು.

"ಸುರೇಶ, ಖಾಲಿ ಇತ್ತಂಬ್ರಲೆ. ಕೈಯಂಗೆ ಬರ್ದ್ ಕೊಡ್."

"ಬ್ಯಾಡ ಶೆಟ್ರೆ."

"ಎಂತಕೆ?"

"ಕೀಳುಕ್ ಮುಂಚೆ ಮಂಜಣ್ಣ ಎಂತ ಮಾರಿರೊ ನಮ್ಗ್ ಗೊತ್ತಿಲ್ಲೆ. ಮಿಷನಿಗೇ ಧೈರ್ಯ ಇಲ್ದೆ ಕೂಕಂಡಿತ್. ನಾವ್ ಮಾರೂಕಾಗ."

"ಖಾಲಿ ಹೋರೆ?"

"ಹೋಯ್ಲಿ. ಒಂದ್ ಸೀಟಿಗೆ ಇಬ್ರ್ ಬಪ್ಪುದ್ ಬ್ಯಾಡ. ಬೈಂದೂರ್ ದಾಟಿರೂ ಖಾಲಿ ಹೋಯ್ತ್ ಅಂದ್ರೆ ನಾಳಿಂದ ನಾನ್ ಪಾರ್ಸೆಲಿಗೆ ಹೋತೆ."

ಯಾಕೆ ಹಾಗೆ ಹೇಳಿದೆನೋ, ಬಾಯಿಯಿಂದ ಬಂದೇ ಹೋಯಿತು. ಶೆಟ್ರಿಗೆ ಜನರ ಎದುರು ಇಲ್ಲ ಎಂದವರು ಕಡಿಮೆ. ಅವರು ಒಂದು ಸಲ ಬಸ್ಸಿನ ಕಡೆ ನೋಡಿದರು, ಒಂದು ಸಲ ಬಾಯಿ ಮುಚ್ಚಿ ಕೂತ ನನ್ನ ಕಂಪ್ಯೂಟರ್ ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಬಸ್ ಹತ್ತಿದರು. ಮುಂದಿನಿಂದ ಹಿಂದಿನವರೆಗೆ ಒಂದೊಂದೇ ಸೀಟು ನೋಡುತ್ತಾ ಹೋದರು. ಎಲ್ಲರೂ ಅವರವರ ಸೀಟಿನಲ್ಲಿ ಕೂತಿದ್ದರು. ಯಾರೂ ಯಾರನ್ನೂ ಏಳಿ ಎನ್ನುತ್ತಿರಲಿಲ್ಲ. ಹಿಂದಿನ ಆ ಖಾಲಿ ಸೀಟಿನಲ್ಲಿ ಶೆಟ್ರು ಹೋಗಿ ಕೂತರು. ಕಿಟಕಿಯಿಂದ ತಲೆ ಹೊರಗೆ ಹಾಕಿ,

"ಬೈಂದೂರ್ ತನಕ ನಾನೇ ಕೂಕಂಡ್ ಹೋತೆ. ಆ ಮಂಜಣ್ಣನ್ನ ಒಂಚೂರ್ ಕಾಣ್ಕ್" ಎಂದರು. ಬಸ್ಸು ಹೊರಟಿತು.

ಅವರು ಬೈಂದೂರು ಮುಟ್ಟುವವರೆಗಿನ ಆ ಹೊತ್ತನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಗುಲ್ವಾಡಿಯವನು ಬೆಂಚಿನ ಮೇಲೆ ಬ್ಯಾಗು ಇಟ್ಟು ನನ್ನನ್ನೇ ನೋಡುತ್ತಾ ಕೂತಿದ್ದ.

"ನೀವ್ ಮೊದ್ಲ್ ಎಂತ ಮಾಡ್ತಿದ್ರಿ?" ಎಂದು ಕೇಳಿದ.

"ಪಾರ್ಸೆಲ್ ಹೊರ್ತಿದ್ದೆ."

"ಮೈ ಗಟ್ಟಿ ಇತ್ತ್ ನಿಮ್ಗೆ. ಅಡ್ಡಿಲ್ಲೆ" ಎಂದ. ಸಮಾಧಾನ ಹೇಳಿದನೋ ಹೇಗೋ ಗೊತ್ತಾಗಲಿಲ್ಲ.

ಮೋಡ ಉತ್ತರಕ್ಕೆ ಜಾರಿತು, ನಮ್ಮಲ್ಲಿ ಬಿಸಿಲು ಬಂತು. ನಾನು ವೈರ್ ಸಿಕ್ಕಿಸಿದೆ. ಬ್ರಹ್ಮಾವರವೂ ನಾನೂ ಸೇರಿ ಎರಡು ಓಟಾಯಿತು. ಯಂತ್ರ ಮಾತಾಡಿತು. ಅವತ್ತಿನ ಬಸ್ಸನ್ನು ತೆರೆದು ನೋಡಿದೆ. ಹಿಂದಿನ ಕಿಟಕಿ ಬದಿಯ ಸೀಟು ಖಾಲಿ ಇರಲಿಲ್ಲ. ಬೈಂದೂರಿನಿಂದ ಹತ್ತುವವರ ಹೆಸರಿತ್ತು, ಒಂದು ಹೆಂಗಸಿನದು. ಮಂಜಣ್ಣ ವೈರ್ ಕೀಳುವ ಸ್ವಲ್ಪ ಮೊದಲು ಕೊಟ್ಟ ಟಿಕೆಟು ಅದು, ಬ್ರಹ್ಮಾವರದ ಯಂತ್ರ ಬರೆದುಕೊಂಡಿತ್ತು, ಬಾಯಿ ಮುಚ್ಚಿದ್ದರಿಂದ ನಮಗೆ ತೋರಿಸಿರಲಿಲ್ಲ.

ಅಷ್ಟರಲ್ಲಿ ಶೆಟ್ರ ಫೋನ್ ಬಂತು. ಹಿಂದಿನಿಂದ ಮಂಜಣ್ಣನ ದನಿ, ಬಸ್ಸಿನ ಹಾರನ್ನು, ಒಂದು ಮಗುವಿನ ಅಳು ಎಲ್ಲ ಕೇಳುತ್ತಿತ್ತು.

"ಸುರೇಶ, ಇಲ್ಲೊಬ್ಳ್ ಹೆಣ್ಣ್ ಬಂದ್, ಮಗಿನ್ ಎತ್ಕಂಡ್, ಟಿಕೇಟ್ ತೋರ್ಸಿ ನನ್ನನ್ನೇ ಏಳ್ಸಿಳ್ ಮರಾಯ. ನನ್ ಬಸ್ಸಂಗೆ ನನ್ನನ್ನೇ!" ಎಂದು ನಗುವುದಕ್ಕೆ ಶುರುಮಾಡಿದರು. ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ದನಿ ಇಳಿಸಿ,

"ಕೇಣ್, ಆ ಪಾರ್ಸೆಲಿಗೆ ಒಬ್ಬನ್ನ ಹುಡ್ಕ್. ಗಟ್ಟಿ ಜನ ಆಯ್ಕ್. ಆ ಜಾಗ ಎಷ್ಟ್ ದಿನ ಅಂದೇಳಿ ಖಾಲಿ ಇಡುದ್?"

ಆಯ್ತು ಶೆಟ್ರೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಫೋನು ಕೆಳಗಿಟ್ಟು ಶರ್ಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, ಮರುದಿನದ ಬಸ್ಸನ್ನು ತೆರೆದು ಗುಲ್ವಾಡಿಯವನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಲು ಶುರುಮಾಡಿದೆ. ಅವನು ಕೌಂಟರಿನ ಮೇಲೆ ಮೊಣಕೈ ಊರಿ ಬಗ್ಗಿ ನೋಡುತ್ತಿದ್ದ.

"ಹ್ವಾಯ್" ಎಂದ, "ನಾಳೆ ಬಸ್ ಹೋಪುದ್ರೊಳ್ಗೆ ಮುಗಿತಾ ಕಾಂಬ."